ಎರಚಲಿಗೆ ಹಂಚಿನ ಮಾಡು, ಕೀರಿಗೆ ಜಾಲರಿ: ಹಿತ್ತಿಲಲ್ಲಿ ಕೋಳಿಗೂಡು ಕಟ್ಟಿದ ಬಗೆ

ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ನಮ್ಮ ಬದಿಯಡ್ಕ, ಪೆರ್ಲ ಕಡೆ ನೆಲ ಮತ್ತೆ ಒಣಗುವುದು ನವರಾತ್ರಿಯ ಹೊತ್ತಿಗೆ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನೆಟ್ಟಗೆ ಬಿದ್ದರೆ ಅಷ್ಟು ಚಿಂತೆಯಿಲ್ಲ. ಪಡುವಣ ಗಾಳಿಗೆ ಓರೆಯಾಗಿ ಬಂದು ಜಗಲಿಯ ಒಳಗೋಡೆಯನ್ನೂ ತೋಯಿಸುವ ಮಳೆ ಇದು. ಕೋಳಿಗೂಡು ಅದನ್ನು ತಡೆಯಬೇಕು. ಆದರೆ ತಡೆಯಲೆಂದು ನಾಲ್ಕೂ ಕಡೆ ಹಲಗೆ ಹೊಡೆದು ಮುಚ್ಚಿಬಿಟ್ಟರೆ ಒಳಗಿನ ಹಬೆಗೇ ಕೋಳಿ ಕಾಯಿಲೆ ಬೀಳುತ್ತದೆ.

ಕೋಳಿಗೆ ಬೆವರಿನ ಗ್ರಂಥಿ ಇಲ್ಲ. ಮೈ ಬಿಸಿಯಾದರೆ ಬಾಯಿ ತೆರೆದು ಏದುಸಿರು ಬಿಟ್ಟೇ ತಂಪು ಮಾಡಿಕೊಳ್ಳಬೇಕು. ಆ ಉಸಿರಿನ ತೇವವೆಲ್ಲ ಗೂಡಿನೊಳಗೆ ಸೇರುತ್ತದೆ. ಹಸಿ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ. ಅದು ಒಣಗದೆ ಉಳಿದರೆ ಅಮೋನಿಯ ಏಳುತ್ತದೆ. ಕೋಳಿಮನೆಯ ಗಾಳಿಯಲ್ಲಿ ಅಮೋನಿಯ 25 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 25) ದಾಟಬಾರದು ಎಂಬುದು ಸಾಕುವವರು ಇಟ್ಟುಕೊಳ್ಳುವ ಲೆಕ್ಕ. ಬಾಗಿಲು ತೆರೆದಾಗ ನಮ್ಮ ಕಣ್ಣಿಗೆ ಉರಿ ಹತ್ತಿತೆಂದರೆ ಇಡೀ ರಾತ್ರಿ ಅದರಲ್ಲೇ ಕೂತಿದ್ದ ಕೋಳಿಯ ಕಣ್ಣು, ಉಸಿರಿನ ನಾಳ ಎಷ್ಟು ಉರಿದಿರಬೇಡ! ಜೊತೆಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಜೀವಿಗಳಿಗೆ ಬೆಚ್ಚಗಿನ ಒದ್ದೆ ನೆಲವೇ ಬೇಕು. ಆದ್ದರಿಂದ ಗೂಡಿನ ಇಡೀ ಲೆಕ್ಕ ನಿಂತದ್ದು ಒಂದೇ ಮಾತಿನ ಮೇಲೆ: ಗಾಳಿ ಧಾರಾಳ ಆಡಬೇಕು, ಹನಿ ಒಳಗೆ ಬರಬಾರದು.

ನಾನು ಕಾಗದದ ಮೇಲೆ ಗೆರೆ ಎಳೆಯುತ್ತಿದ್ದುದನ್ನು ನೋಡಿ ನಮ್ಮ ಆಚಾರಿಯಣ್ಣ ಹೇಳಿದ್ದು ಇಷ್ಟೇ: "ಎರಚಲಿಗೆ ಗೋಡೆ ಏರಿಸುವುದಲ್ಲ ಮಾರಾಯ್ರೆ, ಮಾಡು ಇಳಿಸುವುದು." ಕೆಲಸ ಮುಗಿಯುವ ತನಕ ಅದೇ ನಮಗೆ ನಕ್ಷೆ.

ಜಾಗ ಮತ್ತು ಅಳತೆ

ಹತ್ತು ಕೋಳಿಗಳಿಗೆಂದು ಒಳಅಳತೆ 6 ಅಡಿಗೆ 4 ಅಡಿ ಇಟ್ಟೆ. ಒಂದಕ್ಕೆ ಎರಡು ಚದರಡಿಗಿಂತ ಕಡಿಮೆಯಾದರೆ ಕುಕ್ಕಾಟ ಶುರುವಾಗುತ್ತದೆ. ಹಗಲಿಡೀ ತೋಟದಲ್ಲಿ ಮೇಯುವ ಕೋಳಿಗಳಾದ್ದರಿಂದ ರಾತ್ರಿಗೆ ಇಷ್ಟು ಸಾಕು. ಕೂಡಿಹಾಕಿಯೇ ಸಾಕುವವರು ಇದರ ಎರಡರಷ್ಟು ಇಟ್ಟುಕೊಳ್ಳಲಿ.

ಕೋಳಿಮನೆಯ ಉದ್ದಬದಿ ಪೂರ್ವ–ಪಶ್ಚಿಮವಾಗಿ ಇರಬೇಕು, ಆಗ ಬಿಸಿಲು ಒಳಗೆ ಬೀಳುವುದಿಲ್ಲ ಎಂಬುದು ಫಾರಂ ಕಟ್ಟುವವರ ನಿಯಮ. ಉದ್ದನೆಯ ಕಟ್ಟಡಕ್ಕೆ ಅದು ಸರಿ. ಆರಡಿಯ ಗೂಡಿಗೆ, ಅದೂ ಮಧ್ಯಾಹ್ನದ ಮೇಲೆ ಹಲಸಿನ ನೆರಳು ಬೀಳುವ ಕಡೆ, ಬಿಸಿಲಿಗಿಂತ ಮಳೆಗಾಳಿಯೇ ದೊಡ್ಡದು. ಹಾಗಾಗಿ ಬೆನ್ನನ್ನು ಪಡುವಣಕ್ಕೆ ಕೊಟ್ಟು, ಮುಖವನ್ನು ಮೂಡಣಕ್ಕೆ ತಿರುಗಿಸಿದೆ. ಬೆಳಗಿನ ಬಿಸಿಲು ನೇರ ಒಳಗೆ ಬಂದು ನೆಲ ಒಣಗಿಸುತ್ತದೆ. ಬಾವಿಯಿಂದ ದೂರ, ಅಡುಗೆಮನೆಯ ಕಿಟಕಿಗೆ ಕಾಣುವಷ್ಟು ಹತ್ತಿರ, ಗುಡ್ಡೆಯ ನೀರು ಇಳಿದು ಬರುವ ದಾರಿಗೆ ಅಡ್ಡ ಬಾರದ ಹಾಗೆ ಜಾಗ ಆರಿಸಿದ್ದಾಯಿತು.

ಪಂಚಾಂಗ

ನಮ್ಮಲ್ಲಿ ಕೆಂಪುಕಲ್ಲಿಗೆ ಬರವಿಲ್ಲ. ಹೊಸದಾಗಿ ಕಡಿದಾಗ ಕತ್ತಿಗೂ ಬಗ್ಗುವಷ್ಟು ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತ ಹೋಗುವ ಕಲ್ಲು ಇದು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇದನ್ನು ಲ್ಯಾಟರೈಟ್ ಎಂದು ಬರೆದದ್ದು ನಮ್ಮ ಕೇರಳದ ಅಂಗಾಡಿಪ್ಪುರಂನಲ್ಲಿ ನೋಡಿ. ಒಂದಡಿ ಆಳದ ಅಗರು ತೆಗೆದು, ಕಲ್ಲಿನ ಚೂರು ತುಂಬಿ ದಮ್ಮಸು ಮಾಡಿ, ಸುತ್ತ ಎರಡು ಸಾಲು ಕಲ್ಲಿನ ಪಂಚಾಂಗ, ಎಂದರೆ ಅಡಿಗಟ್ಟು, ಕಟ್ಟಿದೆವು. ಪಡುವಣ ಬದಿಯಲ್ಲಿ ಮಾತ್ರ ಇನ್ನೂ ಮೂರು ಸಾಲು ಏರಿಸಿ ಮೊಣಕಾಲಿನ ಮೇಲಕ್ಕೆ, ಹೆಚ್ಚುಕಡಿಮೆ ಸೊಂಟದ ಮಟ್ಟಕ್ಕೆ ಗೋಡೆ ತಂದೆವು. ಒಟ್ಟು ಐವತ್ತೈದು ಕಲ್ಲಿನ ಕೆಲಸ.

ಒಳನೆಲಕ್ಕೆ ಮೂರು ಇಂಚು ಕಾಂಕ್ರೀಟು. ಮಣ್ಣುನೆಲ ಕೋಳಿಗೆ ಹಿತ ಎನ್ನುವವರಿದ್ದಾರೆ. ಹಿತವೇ, ಆದರೆ ಹೆಗ್ಗಣಕ್ಕೆ ಇನ್ನೂ ಹಿತ. ಪಂಚಾಂಗದ ಕೆಳಗಿನಿಂದ ಬಿಲ ತೋಡಿ ಒಳಗೆ ಎದ್ದು ಬರುವ ಹೆಗ್ಗಣದ ಹಿಂದೆಯೇ ಹಾವೂ ಬರುತ್ತದೆ. ನೆಲವನ್ನು ಮೂಡಣಕ್ಕೆ ಎರಡು ಇಂಚು ಇಳಿಜಾರು ಮಾಡಿ, ತೊಳೆದ ನೀರು ಹೋಗಲು ಸಣ್ಣ ಪೈಪು ಕೂರಿಸಿ, ಅದರ ಬಾಯಿಗೂ ಜಾಲರಿ ಕಟ್ಟಿದ್ದೇನೆ.

ಮಾಡು

ಶೀಟು ಹಾಕಿದರೆ ಅರ್ಧ ದಿನದ ಕೆಲಸ. ಆದರೆ ಏಪ್ರಿಲ್, ಮೇ ಬಿಸಿಲಿಗೆ ತಗಡಿನಡಿ ಕೋಳಿ ಬೇಯುತ್ತದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಅದರ ಸದ್ದಿನಲ್ಲಿ ಕೋಳಿಗಳು ಕೂತಲ್ಲಿ ಕೂರುವುದಿಲ್ಲ. ಹಂಚೇ ಬೇಕೆಂದು ಮೊದಲೇ ನಿಶ್ಚಯಿಸಿದ್ದೆ. ಊರಲ್ಲಿ ಹಳೆ ಮನೆಗಳನ್ನು ಬಿಚ್ಚಿ ತಾರಸಿ ಹಾಕಿಸುತ್ತಿರುವ ಕಾಲ ಇದು, ಒಳ್ಳೆಯ ಹಂಚು ಅಂಗಳದ ಮೂಲೆಯಲ್ಲಿ ಪಾಚಿ ಹಿಡಿದು ಬಿದ್ದಿರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿಗೆ ಬದಲಾದವು. ಅಂಥ ಹಂಚು ಕಾಲಿನಡಿ ಪುಡಿಯಾಗುವುದನ್ನು ನೋಡಲು ನನ್ನಿಂದಾಗದು. ತಂದ ಪ್ರತಿಯೊಂದನ್ನೂ ತೆಂಗಿನ ನಾರಿನಿಂದ ಉಜ್ಜಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ಟಣ್ಣೆಂದರೆ ಸರಿಯಾದ್ದು, ಬೊದ್ದು ಸದ್ದು ಬಂದರೆ ಕೂದಲೆಳೆಯ ಬಿರುಕು ಇದೆಯೆಂದು ಅರ್ಥ. ಬೊದ್ದಾದವನ್ನೆಲ್ಲ ಬೇರೆ ಇಟ್ಟೆ.

ಒಂದೇ ಇಳಿಜಾರಿನ ಮಾಡು. ಮೂಡಣದ ಕಂಬ ನೆಲದಿಂದ 7 ಅಡಿ, ಪಡುವಣದ್ದು 4 ಅಡಿ. ಹಂಚಿಗೆ ಇಳಿಜಾರು ಸಾಲದಿದ್ದರೆ ಗಾಳಿಮಳೆಗೆ ನೀರು ಹಿಂದಕ್ಕೆ ಏರಿ ಸಂದಿಯಲ್ಲಿ ಒಸರುತ್ತದೆ. ಈ ಅಳತೆಗೆ ಸುಮಾರು 32 ಡಿಗ್ರಿ ಸಿಗುತ್ತದೆ, ಧಾರಾಳ. ಪಕ್ಕಾಸು, ಎಂದರೆ ಮಾಡಿನ ಓರೆತೊಲೆ, 10 ಅಡಿ ಉದ್ದದ್ದು. ಮೂಡಣಕ್ಕೂ ಪಡುವಣಕ್ಕೂ ಒಂದೂವರೆ ಅಡಿಯ ಮೇಲೆ ಚಾಚಿದೆ, ಬದಿಗಳಲ್ಲಿ ಒಂದೊಂದು ಅಡಿ. ಪಡುವಣದ ಮಾಡಿನ ಅಂಚು ನೆಲದಿಂದ ಮೂರೇ ಅಡಿ ಎತ್ತರಕ್ಕೆ ಇಳಿದಿದೆ. ಆಚಾರಿಯಣ್ಣ ಹೇಳಿದ್ದು ಇದನ್ನೇ. ಕೆಂಪುಕಲ್ಲಿನ ಗೋಡೆಗೂ ಮೇಲಿನ ಅಡ್ಡತೊಲೆಗೂ ನಡುವೆ ಒಂದು ಗೇಣು ಬಿಟ್ಟು ಜಾಲರಿ ಹೊಡೆದಿದ್ದರೂ, ಆ ಇಳಿದ ಅಂಚು ಅದರ ಮುಂದೆ ಕೊಡೆ ಹಿಡಿದಂತೆ ನಿಲ್ಲುತ್ತದೆ. ಗಾಳಿ ಕೆಳಗಿನಿಂದ ನುಗ್ಗಿ ಆ ಸಂದಿಯಲ್ಲಿ ಒಳಬಂದು ಮೂಡಣದ ಎತ್ತರದ ಬಾಯಿಯಲ್ಲಿ ಹೊರಹೋಗುತ್ತದೆ.

ನೂರಮೂವತ್ತರಷ್ಟು ಹಂಚು ಹಿಡಿಯಿತು. ಒಂದೊಂದು ಎರಡು ಕಿಲೋ ಮೀರಿದ್ದು. ಮಳೆಗೆ ನೀರು ಹೀರಿದ ಮೇಲೆ ಮಾಡಿನ ಭಾರ ಮೂರು ಕ್ವಿಂಟಲ್ ಎಂದೇ ಎಣಿಸಬೇಕು. ಬಿದಿರಿನ ಕಂಬಕ್ಕೆ ಅದು ಹೊರೆ. ಸಿಡಿಲಿಗೆ ಸತ್ತ ತೆಂಗಿನಮರವೊಂದು ತೋಟದಲ್ಲಿತ್ತು, ಅದನ್ನೇ ಸೀಳಿಸಿದೆವು. ತೆಂಗಿನಲ್ಲಿ ಬುಡದ ಕಡೆಯ ಹೊರಪದರಕ್ಕೆ ಮಾತ್ರ ಬಲ, ನಡುವಿನ ತಿರುಳು ಮೆತ್ತಗೆ. ಕರಿಗೆರೆ ದಟ್ಟವಾಗಿರುವ ಭಾಗದಿಂದ ಕಂಬ, ತೊಲೆ, ಪಕ್ಕಾಸು ತೆಗೆದು, ಉಳಿದದ್ದನ್ನು ಸೌದೆಗೆ ಹಾಕಿದ್ದಾಯಿತು. ಹಂಚು ಕೂರುವ ಅಡ್ಡಪಟ್ಟಿಗೆ, ಎಂದರೆ ರೀಪಿಗೆ, ಅಡಕೆ ಮರದ ಸಲಾಕೆ. ತಿರುಳು ಕೆತ್ತಿ ತೆಗೆದು, ಕೆರೆಯ ನೀರಿನಲ್ಲಿ ಕೆಲವು ವಾರ ಮುಳುಗಿಸಿಟ್ಟು ಒಣಗಿಸಿದ್ದು. ಮರದ ಪಿಷ್ಟ ನೀರಿಗೆ ಬಿಟ್ಟುಹೋದರೆ ಕುಟ್ಟೆ ಹಿಡಿಯುವುದು ಕಡಿಮೆ.

ಒರಲೆಗೆ, ಎಂದರೆ ಗೆದ್ದಲಿಗೆ, ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪೆಣ್ಣೆಯನ್ನು ನಮ್ಮ ಕರಾವಳಿಯಲ್ಲಿ ದೋಣಿಗೂ ಬಳಿಯುತ್ತಿದ್ದರು. ಕಂಬದ ಬುಡಕ್ಕೆ, ಕೊಯ್ದ ತುದಿಗಳಿಗೆ ಎರಡು ಸಲ ಹಚ್ಚಿದೆವು. ಮೈಗೆ ತಾಗಿದರೆ ಸುಟ್ಟಂತೆ ಬೊಕ್ಕೆ ಏಳುತ್ತದೆ. ಕೈಗವಸು ಹಾಕಿ, ಮೊಣಕೈತನಕ ತೆಂಗಿನೆಣ್ಣೆ ಸವರಿಕೊಂಡೇ ಮುಟ್ಟಬೇಕು. ಕೋಳಿಯ ಕಾಲು ತಾಗುವ ಯಾವ ಮರಕ್ಕೂ ಇದನ್ನು ಹಚ್ಚಿಲ್ಲ. ಕಂಬಗಳನ್ನು ಮಣ್ಣಿಗೆ ಹುಗಿಯದೆ, ಪಂಚಾಂಗದ ಕಲ್ಲಿನಲ್ಲಿ ಕೂರಿಸಿದ ಕಬ್ಬಿಣದ ಪಟ್ಟಿಗೆ ಬೋಲ್ಟ್ ಹಾಕಿ ನಿಲ್ಲಿಸಿದ್ದೇವೆ.

ಜಾಲರಿ

ನಗದು ಹೆಚ್ಚು ಹೋದದ್ದು ಇಲ್ಲಿಗೆ, ಅದಕ್ಕೆ ನನಗೆ ಬೇಸರವೂ ಇಲ್ಲ. ಅಂಗಡಿಯಲ್ಲಿ ಕೋಳಿಬಲೆ ಎಂದು ಕೇಳಿದರೆ ಆರು ಮೂಲೆಯ ಕಣ್ಣಿನ, ತೆಳು ತಂತಿ ಹೆಣೆದ ಬಲೆಯನ್ನೇ ತೆಗೆದು ಕೊಡುತ್ತಾರೆ. ಅದು ಕೋಳಿಯನ್ನು ಒಳಗಿಡುತ್ತದೆ, ಕಳ್ಳರನ್ನು ಹೊರಗಿಡುವುದಿಲ್ಲ. ನಾಯಿ ಹಲ್ಲಿಗೆ ಹರಿಯುತ್ತದೆ. ಕೀರಿ ಸಡಿಲ ಸಿಕ್ಕಿದಲ್ಲಿ ನುಸುಳುತ್ತದೆ. ಪುನುಗು ಬೆಕ್ಕು ಕಣ್ಣಿನೊಳಗೆ ಕೈಹಾಕಿ ಒರಗಿ ಕೂತ ಕೋಳಿಯ ರೆಕ್ಕೆ ಹಿಡಿದೆಳೆಯುತ್ತದೆ. ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಜಿಐ (ಸತು ಬಳಿದ ಕಬ್ಬಿಣದ) ಜಾಲರಿಯೇ ಬೇಕು. ಒಂದು ಇಂಚಿನದ್ದು ಅಗ್ಗ, ಆದರೆ ಇಲಿ ಸಲೀಸಾಗಿ ಒಳಬರುತ್ತದೆ, ಸಣ್ಣ ಹೆಬ್ಬಾವಿನ ಮರಿಗೂ ದಾರಿ.

ಇವು ಯಾವುದನ್ನೂ ಹಿಡಿಯುವ, ಕೊಲ್ಲುವ ಮಾತಿಲ್ಲ. ಹೆಬ್ಬಾವು, ಪುನುಗು, ಕೀರಿ ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಾಯ್ದೆ ಇಲ್ಲದಿದ್ದರೂ ತೋಟದ ಇಲಿ, ಹೆಗ್ಗಣವನ್ನು ಹದ್ದುಬಸ್ತಿನಲ್ಲಿ ಇಟ್ಟಿರುವುದು ಅವೇ. ಅವು ಅಡಕೆ ತೋಟದಲ್ಲಿ ಓಡಾಡಿಕೊಂಡಿರಲಿ, ಗೂಡಿನ ಬಾಗಿಲು ಭದ್ರವಿದ್ದರೆ ಆಯಿತು.

ಜಾಲರಿ ಹೊಡೆಯುವ ರೀತಿಯಲ್ಲಿ ಎರಡು ವಿಷಯ ಮುಖ್ಯ. ಒಂದು, ಹೊರಗಿನಿಂದ ಹೊಡೆಯಬೇಕು. ಒಳಗಿನಿಂದ ಹೊಡೆದರೆ ಹೊರಗಿನವರು ಒತ್ತಿದಷ್ಟೂ ಮೊಳೆ ಸಡಿಲವಾಗುತ್ತದೆ. ಇನ್ನೊಂದು, ಯು ಆಕಾರದ ಮೊಳೆಯನ್ನು ನಂಬಬಾರದು. ಒದ್ದೆ–ಒಣಗು ಆಗುತ್ತ ಮರ ಹಿಗ್ಗಿ ಕುಗ್ಗುವಾಗ ಅದು ತಾನಾಗಿ ಎದ್ದು ಬರುತ್ತದೆ. ಒಂದೊಂದು ಗೇಣಿಗೆ ಒಂದರಂತೆ ಸ್ಕ್ರೂ, ಅಗಲ ವಾಶರ್, ಅದರ ಮೇಲೆ ಉದ್ದಕ್ಕೂ ಅಡಕೆ ಸಲಾಕೆಯ ಪಟ್ಟಿ ಒತ್ತಿ ಬಿಗಿದಿದ್ದೇವೆ. ಕೆಳಅಂಚನ್ನು ಕೆಂಪುಕಲ್ಲಿನ ಮೇಲೆ ನಾಲ್ಕು ಇಂಚು ಇಳಿಬಿಟ್ಟು ಸಿಮೆಂಟಿನಲ್ಲಿ ಮುಚ್ಚಿದ್ದು. ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ, ಎರಡಕ್ಕೂ ಒತ್ತಿದರೆ ಮಾತ್ರ ಬಿಡುವ ಸ್ಪ್ರಿಂಗ್ ಕೊಕ್ಕೆ. ಒಂದೇ ಚಿಲಕವಿದ್ದರೆ ಇನ್ನೊಂದು ಮೂಲೆಯನ್ನು ನಾಯಿ ಮೂತಿಯಿಂದ ಬಗ್ಗಿಸಿ ಸಂದಿ ಮಾಡುತ್ತದೆ.

ಮೂಡಣದ ಬಾಯಿಗೆ ಮಳೆಗಾಲದಲ್ಲಿ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತೇನೆ. ಟರ್ಪಾಲಿನ ಹಾಗೆ ಪಟಪಟ ಬಡಿಯುವುದಿಲ್ಲ, ಗಾಳಿಯನ್ನು ಪೂರ್ತಿ ಕಟ್ಟಿಯೂ ಹಾಕುವುದಿಲ್ಲ. ಕೆಳಗಿನ ಮೂರಡಿಗೆ ಮಾತ್ರ ತಟ್ಟಿ. ಮೇಲಿನ ಭಾಗ ಯಾವಾಗಲೂ ತೆರೆದೇ.

ಒಳಗೆ

ಕೋಳಿ ರಾತ್ರಿ ಕೂರುವ ಅಡ್ಡಕೋಲಿಗೆ ಅಡಕೆ ಸಲಾಕೆಯನ್ನೇ ಆರಿಸಿದೆ. ಎರಡು ಇಂಚು ಅಗಲ, ಹಿಡಿದು ಕೂರಲು ಒಳ್ಳೆಯದು. ಆದರೆ ಅಡಕೆ ಮರದ ಕರಿನಾರು ಸೂಜಿಯಂತೆ ಸಿಬಿರೇಳುತ್ತದೆ. ಅದು ಪಾದಕ್ಕೆ ಚುಚ್ಚಿದರೆ ಒಳಗೆ ಕೀವು ಕಟ್ಟಿ ಅಂಗಾಲು ಗಂಟಾಗಿ ಊದುತ್ತದೆ, ಕೋಳಿ ಕುಂಟುತ್ತದೆ. ಉಳಿಯಲ್ಲಿ ಅಂಚು ಮುರಿದು, ಒಡೆದ ಗಾಜಿನ ತುಂಡಿನಿಂದ ಕೀಸಿದೆ. ಗಾಜನ್ನು ಓರೆಯಾಗಿ ಹಿಡಿದು ಒಂದೇ ದಿಕ್ಕಿಗೆ ಎಳೆದರೆ ಕೂದಲಿನಷ್ಟು ತೆಳ್ಳನೆ ಸುರುಳಿ ಏಳುತ್ತದೆ. ತಿರುಗಿಸಿ ಎಳೆದರೆ ನಾರು ಮತ್ತೆ ಎದ್ದು ನಿಲ್ಲುತ್ತದೆ. ಕೊನೆಗೆ ಹಳೆ ಹತ್ತಿಬಟ್ಟೆಯನ್ನು ಉದ್ದಕ್ಕೂ ಎಳೆದು ನೋಡಿದೆ. ಎಲ್ಲಿ ಎಳೆ ಸಿಕ್ಕಿಕೊಂಡಿತೋ ಅಲ್ಲಿ ಮತ್ತೆ ಗಾಜು.

ಒಂದು ಕೋಳಿಗೆ ಎಂಟು ಇಂಚಿನಂತೆ ಆರಡಿಯ ಎರಡು ಕೋಲು. ಎರಡೂ ಒಂದೇ ಎತ್ತರದಲ್ಲಿವೆ. ಮೇಲೆ ಕೆಳಗೆ ಇಟ್ಟರೆ ಸಂಜೆ ಮೇಲಿನದಕ್ಕಾಗಿ ಜಗಳ. ಊರಕೋಳಿಗೆ ನಾಲ್ಕಡಿಯೂ ಲೆಕ್ಕವಲ್ಲ, ಬಿಟ್ಟರೆ ಹಲಸಿನ ಮರವೇರುತ್ತದೆ. ಆದರೆ ಬೆಂಗಳೂರಿನಲ್ಲಿ ರೂಪಿಸಿದ ಗಿರಿರಾಜದಂಥ ಭಾರದ ತಳಿ ಎತ್ತರದಿಂದ ಧುಮುಕಿದರೆ ಕಾಲಿಗೆ ಪೆಟ್ಟು. ನಾವು ತಂದದ್ದು ತೃಶೂರು ಬಳಿಯ ಮಣ್ಣುತ್ತಿಯಲ್ಲಿ ಅಭಿವೃದ್ಧಿಪಡಿಸಿದ ಗ್ರಾಮಶ್ರೀ ತಳಿ, ಜೊತೆಗೆ ಎರಡು ಊರಿನ ಹೇಂಟೆ. ಎರಡಡಿ ಎತ್ತರ ಎಲ್ಲರಿಗೂ ಸರಿಹೋಯಿತು. ಕೋಲುಗಳನ್ನು ಮೊಳೆ ಹೊಡೆಯದೆ ಗಾಡಿಯಲ್ಲಿ (ಮರದಲ್ಲಿ ಕೊರೆದ ಕಚ್ಚಿನಲ್ಲಿ) ಕೂರಿಸಿದ್ದೇನೆ, ಎತ್ತಿ ಹೊರಗೆ ತರಬಹುದು. ಕೋಳಿಯ ಕೆಂಪುಹೇನು ಹಗಲು ಕೋಲಿನ ತುದಿಯ ಸಂದಿಯಲ್ಲಿ ಅಡಗಿದ್ದು ರಾತ್ರಿ ಹೊರಬಂದು ರಕ್ತ ಹೀರುತ್ತದೆ. ಆ ತುದಿಗಳನ್ನು ಬಿಸಿಲಿಗಿಟ್ಟು ಬೇವಿನೆಣ್ಣೆ ಸವರಲು ಕೋಲು ಕಳಚಿ ಬರಲೇಬೇಕು.

ಕೋಲಿನ ಕೆಳಗೆ ಅಡಕೆ ಹಾಳೆಗಳನ್ನು ಮಗುಚಿ ಹಾಸುತ್ತೇನೆ. ರಾತ್ರಿಯ ಹಿಕ್ಕೆಯೆಲ್ಲ ಅದರ ಮೇಲೆ. ಬೆಳಗ್ಗೆ ಹಾಳೆಯನ್ನು ಹಾಗೇ ಎತ್ತಿ ಗೊಬ್ಬರದ ರಾಶಿಗೆ ಹಾಕಿದರೆ ಗೂಡಿನ ಅರ್ಧ ತೇವ ಹೊರಗೆ ಹೋದಂತೆ. ಹಾಳೆಗೆ ನಮ್ಮಲ್ಲಿ ಯಾರೂ ದುಡ್ಡು ಕೊಡಬೇಕಿಲ್ಲ. ಹಸಿ ಹಿಕ್ಕೆಯನ್ನು ನೇರ ಅಡಕೆ ಸಸಿಯ ಬುಡಕ್ಕೆ ಹಾಕಬೇಡಿ, ಬೇರು ಸುಡುತ್ತದೆ. ತರಗೆಲೆಯೊಂದಿಗೆ ಕೊಳೆಸಿಯೇ ಹಾಕಿ. ಉಳಿದ ನೆಲಕ್ಕೆ ನಾಲ್ಕು ಇಂಚು ಮರದ ಕೀಸು ಮತ್ತು ಒಣ ತೆಂಗಿನ ನಾರುಹುಡಿ. ಮುಷ್ಟಿಯಲ್ಲಿ ಹಿಡಿದು ಹಿಂಡಿದಾಗ ಉಂಡೆ ಕಟ್ಟಿದರೆ ಒದ್ದೆಯಾಗಿದೆ, ತೆಗೆದು ಬೇರೆ ಹಾಕಬೇಕು.

ಮೊಟ್ಟೆಗೆ ಒಂದಡಿ ಚೌಕದ ಮೂರು ಪೆಟ್ಟಿಗೆ, ಬೈಹುಲ್ಲು ಹಾಸಿ, ತೆಂಕು ಬದಿಯ ಕತ್ತಲ ಮೂಲೆಯಲ್ಲಿ. ನಾಲ್ಕೈದು ಹೇಂಟೆಗೆ ಒಂದು ಸಾಕಾಗುತ್ತದೆ. ಪೆಟ್ಟಿಗೆ ಅಡ್ಡಕೋಲಿಗಿಂತ ತಗ್ಗಿನಲ್ಲಿ ಇರಬೇಕು, ಇಲ್ಲದಿದ್ದರೆ ಅದರಲ್ಲೇ ಮಲಗಿ ಗಲೀಜು ಮಾಡುತ್ತವೆ. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ ನೂರು–ನೂರಿಪ್ಪತ್ತು ಗ್ರಾಂ ಆಹಾರ, ಅದರ ಎರಡರಷ್ಟು ನೀರು. ಸುಣ್ಣದಂಶಕ್ಕೆ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನು ಸುಟ್ಟು ಪುಡಿಮಾಡದೆ, ಕಲ್ಲಿನಲ್ಲಿ ಜಜ್ಜಿ ಬೇರೆಯಾಗಿ ಇಡುತ್ತೇವೆ. ಬೇಕಾದ್ದು ಬೇಕಾದಷ್ಟು ಕುಕ್ಕುತ್ತದೆ.

ಹೊರಗಿನ ಬೇಲಿ

ಮನೆಯಲ್ಲಿ ಯಾರೂ ಇಲ್ಲದ ಹಗಲಿಗೆ ಗೂಡಿಗೆ ತಾಗಿಕೊಂಡು ಒಂದು ಅಂಕಣ ಬೇಕಾಯಿತು. ಸುತ್ತ ಅದೇ ಜಾಲರಿ. ಬುಡದಲ್ಲಿ ಒಂದೂವರೆ ಅಡಿ ಜಾಲರಿಯನ್ನು ಹೊರಮುಖವಾಗಿ ನೆಲದ ಮೇಲೆ ಮಡಚಿ ಹಾಸಿ, ಮೇಲೆ ಕೆಂಪುಕಲ್ಲಿನ ತುಂಡು ಹೇರಿದ್ದೇವೆ. ಅಗೆಯುವ ಪ್ರಾಣಿ ಬೇಲಿಯ ಬುಡದಲ್ಲೇ ಅಗೆಯಲು ತೊಡಗುತ್ತದೆ, ಜಾಲರಿ ಕಾಲಿಗೆ ಸಿಕ್ಕಿದರೆ ಹಿಂದೆ ಸರಿದು ಅಗೆಯುವ ಉಪಾಯ ಅದಕ್ಕೆ ಹೊಳೆಯುವುದಿಲ್ಲ. ಗಿಡುಗ, ಕಾಗೆಗೆ ಮೇಲೆ ಹಳೆ ಮೀನುಬಲೆ. ಕುಂಬಳೆ ಕಡಪ್ಪುರದಲ್ಲಿ (ಕಡಲ ತೀರದಲ್ಲಿ) ಹರಿದ ಬಲೆ ಕೇಳಿದರೆ ಸಿಗುತ್ತದೆ. ಒಂದು ಎಚ್ಚರ: ನೈಲಾನ್ ಬಲೆಯ ತುದಿ ನೆಲಕ್ಕೆ ಇಳಿಬೀಳಬಾರದು. ಕೇರೆಹಾವು ಅದರಲ್ಲಿ ತಲೆ ತೂರಿಸಿ ಹಿಂದೆಯೂ ಬರಲಾರದೆ ಮುಂದೆಯೂ ಹೋಗಲಾರದೆ ಸಾಯುತ್ತದೆ. ಬಲೆಯನ್ನು ಆರಡಿ ಮೇಲೆಯೇ ಬಿಗಿದು ಕಟ್ಟಿ, ಮಿಕ್ಕಿದ್ದನ್ನು ಕತ್ತರಿಸಿಬಿಡಿ.

ಹೊಸ ಕೋಳಿಗಳನ್ನು ತಂದ ಮೊದಲ ಕೆಲವು ದಿನ ಗೂಡು, ಅಂಕಣ ಬಿಟ್ಟು ಹೊರಗೆ ಬಿಡಲಿಲ್ಲ. ಮಲಗುವ ಜಾಗ ಯಾವುದೆಂದು ತಲೆಗೆ ಹೋದರೆ ಮತ್ತೆ ಅಟ್ಟಬೇಕಿಲ್ಲ, ಸಂಜೆ ತಾವಾಗಿ ಬರುತ್ತವೆ. ಎರಡು ತಿಂಗಳ ಮರಿ ಕೊಳ್ಳುವವರು ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಯಾವಾಗ ಹಾಕಿದ್ದೆಂದು ಕೇಳಿ ತಿಳಿಯಿರಿ. ಮೊದಲ ವಾರದ ಹನಿಲಸಿಕೆಯೊಂದೇ ಆಗಿದ್ದರೆ, ಎಂಟನೇ ವಾರದ ಸುಮಾರಿಗೆ ಕೊಡುವ ಚುಚ್ಚುಮದ್ದಿಗೆ ಊರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ಮಳೆ ಬಂದ ಮೇಲೆ

ಮೊದಲ ಜೋರು ಮಳೆಗೆ ಕೊಡೆ ಹಿಡಿದು ಹೋಗಿ ಒಳಗೆ ಕೈಯಾಡಿಸಿ ನೋಡಿದೆ. ಪಡುವಣ ಗೋಡೆಯ ಒಳಮೈ ಒಣ. ಕೀಸು ಒಣ. ಮೂಡಣದ ಹೊಸ್ತಿಲ ಹತ್ತಿರ ಮಾತ್ರ ಒಂದು ಗೇಣು ತೇವ. ಅದು ಮೇಲಿನಿಂದ ಬಂದದ್ದಲ್ಲ, ಮಾಡಿನ ಬದಿಯಿಂದ ಸುರಿದ ನೀರು ಮಣ್ಣಿಗೆ ಬಡಿದು ಸಿಡಿದದ್ದು. ನೀರು ಬೀಳುವ ಗೆರೆಯುದ್ದಕ್ಕೂ ಒಂದಡಿ ಅಗಲಕ್ಕೆ ಕೆಂಪುಕಲ್ಲಿನ ಚೂರು ಹಾಸಿದ್ದಕ್ಕೆ ಸಿಡಿತ ನಿಂತಿತು. ಪಡುವಣದಲ್ಲಿ ಸಣ್ಣ ಕಣಿ ತೋಡಿ ನೀರನ್ನು ತೋಟದ ಕಣಿಗೆ ಸೇರಿಸಿದ್ದೇವೆ. ಬಾಗಿಲು ತೆರೆದಾಗ ಬರುವ ವಾಸನೆ ಒದ್ದೆ ಮರದ್ದು. ಕಣ್ಣಿಗೆ ಹತ್ತುವ ಘಾಟು ಆಟಿಯ ನಡುವಿನಲ್ಲೂ ಇರಲಿಲ್ಲ.

ಇನ್ನು ಬಾಕಿಯಿರುವುದು ಕಾವಿಗೆ ಕೂರುವ ಹೇಂಟೆಗೆ ಬೇರೆ ಜಾಗ. ಊರಕೋಳಿ ಕಾವಿಗೆ ಕೂತರೆ ಮೊಟ್ಟೆ ಒಡೆದು ಮರಿ ಬರಲು 21 ದಿನ, ಆ ಮೇಲೆ ಮರಿಗಳಿಗೆ ದೊಡ್ಡ ಕೋಳಿಗಳ ಕುಕ್ಕು ತಪ್ಪಬೇಕು. ಬೇರೆ ಇಟ್ಟ ಬೊದ್ದು ಹಂಚುಗಳಲ್ಲಿ ಬಿರುಕು ಅಂಚಿನಲ್ಲಿರುವವನ್ನು ಕತ್ತರಿಸಿ, ಬಡಗು ಬದಿಯ ಗೋಡೆಗೆ ಒರಗಿಸಿ ಎರಡಡಿಗೆ ಮೂರಡಿಯ ಇಳಿಮಾಡು ಮಾಡುವ ಅಂದಾಜಿದೆ. ಜಾಲರಿ ಅಷ್ಟಕ್ಕೆ ಸಾಕಾಗುವಷ್ಟು ಉಳಿದಿದೆ. ಮರಿಗಳ ಗೂಡಿಗೆ ಅರ್ಧ ಇಂಚಿನ ಕಣ್ಣೂ ದೊಡ್ಡದೇ, ಸಣ್ಣ ಹಾವಿನ ಮರಿ ನುಸುಳೀತು. ಅದಕ್ಕೆ ಕೆಳಗಿನ ಒಂದಡಿಗೆ ಕಾಲು ಇಂಚಿನದ್ದನ್ನು ತಂದು ಎರಡನೇ ಪದರ ಹೊಡೆಯಬೇಕು. ಆಚಾರಿಯಣ್ಣ ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಮಳೆ ನಿಂತ ಮೇಲೆ ಬರುತ್ತೇನೆಂದಿದ್ದಾರೆ.